ಬ್ಯಾಂಕ್ ಪತ್ರದಲ್ಲಿ ಸುಳ್ಳಿರಲಿಲ್ಲ, ಆದ್ರೂ ಉದ್ರಿ ಕೊಡಲಿಲ್ಲ: ದಾವಣಗೆರೆಯ ಒಂದು ಮೆಕ್ಕೆಜೋಳ ವ್ಯಾಪಾರದ ಪ್ರಕರಣ

ಹೊಸ ಗಿರಾಕಿ ಬ್ಯಾಂಕಿಂದ ಒಂದು ಪತ್ರ ತಂದುಕೊಟ್ರೆ ಬಹಳಷ್ಟು ವ್ಯಾಪಾರಸ್ಥರು ಅದರ ಸೀಲು ನೋಡ್ತಾರೆ, ಮ್ಯಾನೇಜರ್ ಸಹಿ ನೋಡ್ತಾರೆ, ಫೈಲಿಗೆ ಸೇರಿಸ್ತಾರೆ. ಒಳಗೆ ಏನು ಬರೆದಿದೆ, ಏನು ಬರೆಯದೆ ಬಿಟ್ಟಿದ್ದಾರೆ ಅಂತ ಕೂತು ಓದೋರು ಕಡಿಮೆ. ಈ ಪ್ರಕರಣ ಬರೀತಿರೋದು ಅದಕ್ಕೇ. ಇದರಲ್ಲಿ ಮೋಸಗಾರ ಅಂತ ಯಾರೂ ಇಲ್ಲ, ಪತ್ರ ನಕಲಿ ಅಲ್ಲ, ಬ್ಯಾಂಕಿನವರು ಒಂದಕ್ಷರ ಸುಳ್ಳು ಬರೆದಿಲ್ಲ. ಆದ್ರೂ ಅದೇ ಪತ್ರ ನಂಬಿ ಒಂದು ಅಂಗಡಿ ಒಂದು ವರ್ಷ ಒದ್ದಾಡ್ತು, ಇನ್ನೊಂದು ಅಂಗಡಿ ಸಣ್ಣ ತೊಂದರೆಯಲ್ಲಿ ಪಾರಾಯ್ತು.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು, ಈಗ ದಾವಣಗೆರೆ ಎಪಿಎಂಸಿ ಯಾರ್ಡಿನ ಕೆಲವು ಅಂಗಡಿಗಳ ಲೆಕ್ಕಪತ್ರ, ಬ್ಯಾಂಕ್ ಕೆಲಸ ನೋಡ್ಕೋತೀನಿ. ಇಲ್ಲಿ ಬರೋ ಅಂಗಡಿ, ಮಿಲ್ಲು, ಬ್ಯಾಂಕು ಯಾವುದರ ಹೆಸರೂ ಹಾಕಿಲ್ಲ, ಮೊತ್ತಗಳನ್ನ ಸ್ವಲ್ಪ ಆಚೀಚೆ ಮಾಡಿದೀನಿ, ಬರೆಯೋಕೆ ಅಂಗಡಿ ಯಜಮಾನ್ರ ಒಪ್ಪಿಗೆ ತಗೊಂಡಿದೀನಿ.

ಹಿನ್ನೆಲೆ

ಅಂಗಡಿ ಯಜಮಾನ್ರದು ಮೆಕ್ಕೆಜೋಳ ಖರೀದಿ ವ್ಯಾಪಾರ. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಕಡೆಯಿಂದ ಸುಗ್ಗಿಯಲ್ಲಿ ಬರೋ ಮಾಲು ಹಿಡಿದು, ಒಣಗಿಸಿ, ಚೀಲ ತುಂಬಿಸಿ ಕೋಳಿ ಆಹಾರ ತಯಾರಿಸೋ ಫೀಡ್ ಮಿಲ್ಲುಗಳಿಗೆ ಲೋಡು ಕಳಿಸ್ತಾರೆ. ತಂದೆ ಕಾಲದಿಂದ ಬಂದ ಅಂಗಡಿ, ಈಗ ಮಗನೂ ಕೂರ್ತಾನೆ. ಬ್ಯಾಂಕಲ್ಲಿ 60 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್, ಅಂದ್ರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟೋ ಸಾಲ) ಮಿತಿ ಇದೆ, ಅದರ ಮೇಲೆ ಮನೆತನದ ದುಡ್ಡು ಒಂದಿಷ್ಟು. ಇದುವರೆಗೆ ನಾಲ್ಕೈದು ಹಳೇ ಮಿಲ್ಲುಗಳ ಜೊತೆಗೇ ವ್ಯವಹಾರ, ಅವರ ಅಪ್ಪ ಅಜ್ಜ ಎಲ್ಲಾ ಗೊತ್ತಿರೋರು.

ಈ ವ್ಯಾಪಾರದ ಲಾಭದ ಲೆಕ್ಕ ಮೊದಲು ಹೇಳ್ಬೇಕು, ಇಲ್ದಿದ್ರೆ ಮುಂದಿನದ್ದು ಅರ್ಥ ಆಗಲ್ಲ. ಒಂದು ದೊಡ್ಡ ಲಾರಿ 25 ಟನ್ ಅಂದ್ರೆ 250 ಕ್ವಿಂಟಲ್. ಆ ಸುಗ್ಗಿಯಲ್ಲಿ ಇವರಿಗೆ ಕ್ವಿಂಟಲ್‌ಗೆ 2,200 ರೂಪಾಯಿ ಆಸುಪಾಸು ಸಿಗ್ತಿತ್ತು, ಹಂಗಾಗಿ ಒಂದು ಲೋಡಿಗೆ 5,50,000. ಅದರಲ್ಲಿ ಹಮಾಲಿ, ಚೀಲ, ಬಾಡಿಗೆ, ಬಡ್ಡಿ ಎಲ್ಲಾ ಕಳೆದು ಕ್ವಿಂಟಲ್‌ಗೆ 25 ರೂಪಾಯಿ ಉಳಿದ್ರೆ ಅದೇ ಹೆಚ್ಚು. ಅಂದ್ರೆ ಲೋಡಿಗೆ 6,250. ಒಂದೇ ಒಂದು ಲೋಡಿನ ದುಡ್ಡು ಮುಳುಗಿದ್ರೆ ಅದನ್ನ ತುಂಬಿಸೋಕೆ ಇನ್ನು 88 ಲೋಡು ಕಳಿಸಬೇಕು. ಇಷ್ಟು ತೆಳ್ಳಗಿನ ಲಾಭದ ವ್ಯಾಪಾರದಲ್ಲಿ ಯಾರಿಗೆ ಉದ್ರಿ ಕೊಡ್ತೀವಿ ಅನ್ನೋದೇ ಅರ್ಧ ವ್ಯಾಪಾರ, ಉಳಿದರ್ಧ ತೇವಾಂಶ ಮತ್ತು ತೂಕ.

ಸುಗ್ಗಿ ಜೋರಾಗಿದ್ದಾಗ ಹೊರ ಜಿಲ್ಲೆಯ ಒಂದು ಫೀಡ್ ಮಿಲ್ಲಿನವರು ದಲ್ಲಾಳಿ ಮೂಲಕ ಬಂದ್ರು. ವಾರಕ್ಕೆ ಎರಡು ಲೋಡು ಬೇಕು, ರೇಟು ಬೇರೆಯವರಿಗಿಂತ ಕ್ವಿಂಟಲ್‌ಗೆ ಐದಾರು ರೂಪಾಯಿ ಜಾಸ್ತಿ ಕೊಡ್ತೀವಿ, ಆದ್ರೆ 30 ದಿನದ ಉದ್ರಿ ಬೇಕು ಅಂದ್ರು. ಮೊದಲನೇ ಲೋಡಿಗೆ ಪೂರ್ತಿ ಅಡ್ವಾನ್ಸ್ ಹಾಕ್ತೀವಿ, ನಂಬಿಕೆ ಬಂದ ಮೇಲೆ ಉದ್ರಿ ಶುರು ಮಾಡಿ ಅಂತಲೂ ಹೇಳಿದ್ರು. ಜೊತೆಗೆ ಬ್ಯಾಂಕಿನ ಪತ್ರ ಒಂದು ಕೊಟ್ರು.

ಸಮಸ್ಯೆ ಎಲ್ಲಿತ್ತು

ಯಜಮಾನ್ರ ಮಗ ಲೆಕ್ಕ ಹಾಕಿದ್ದ: ವಾರಕ್ಕೆ ಎರಡು ಲೋಡು, ತಿಂಗಳಿಗೆ ಎಂಟು, 44 ಲಕ್ಷ ಉದ್ರಿ ನಿಲ್ಲತ್ತೆ, ನಮ್ಮ ಸಿಸಿಯಲ್ಲೇ ಆಗತ್ತೆ ಅಂತ. ಆದ್ರೆ 30 ದಿನ ಅಂತ ಬಾಯಲ್ಲಿ ಹೇಳಿದ್ದು ಎಣಿಸೋಕೆ ಶುರು ಆಗೋದು ಮಾಲು ಇಳಿದು, ತೇವಾಂಶ ನೋಡಿ, ತೂಕದ ಚೀಟಿ ಒಪ್ಪಿದ ಮೇಲೆ, ಮತ್ತೆ ಆ ಕಡೆ ದುಡ್ಡು ಹಾಕೋದು ನಾಲ್ಕೈದು ದಿನ ತಡ ಆಗೇ ಆಗತ್ತೆ. ನಿಜವಾಗಿ ಹೊರಗೆ ನಿಲ್ಲೋದು ಹತ್ತು ಲೋಡು, 55 ಲಕ್ಷ. ಅಂಗಡಿಯ ಇಡೀ ಮಿತಿ ಹತ್ತಿರ ಹತ್ತಿರ ಒಬ್ಬನೇ ಗಿರಾಕಿಯ ಕೈಯಲ್ಲಿ, ಆ ಕಡೆ ಮಾಲು ಕೊಟ್ಟವರಿಗೆ ಮಾತ್ರ ದುಡ್ಡು ತಕ್ಷಣ ಎಣಿಸಬೇಕು.

ಪತ್ರ ಇಂಗ್ಲಿಷಲ್ಲಿತ್ತು, ಮೂರು ಸಾಲು, ಮೇಲೆ "ಸಂಬಂಧಪಟ್ಟವರಿಗೆ" ಅಂತ. ಸಾರಾಂಶ ಇಷ್ಟು: ಈ ಸಂಸ್ಥೆಯವರು ನಮ್ಮ ಶಾಖೆಯಲ್ಲಿ ಚಾಲ್ತಿ ಖಾತೆ ಹೊಂದಿದ್ದಾರೆ. ಖಾತೆಯ ವ್ಯವಹಾರ ಇದುವರೆಗೆ ತೃಪ್ತಿಕರವಾಗಿದೆ. ಗ್ರಾಹಕರ ಕೋರಿಕೆಯ ಮೇಲೆ, ಬ್ಯಾಂಕಿನ ಅಥವಾ ಅಧಿಕಾರಿಗಳ ಮೇಲೆ ಯಾವುದೇ ಹೊಣೆ ಇಲ್ಲದಂತೆ ಈ ಪತ್ರ ಕೊಡಲಾಗಿದೆ.

ಯಜಮಾನ್ರು ಕೇಳಿದ್ರು, "ಏನ್ ಸರ್, ಬ್ಯಾಂಕ್ ಮ್ಯಾನೇಜರ್ರೇ ತೃಪ್ತಿಕರ ಅಂತ ಬರ್ಕೊಟ್ಟಾರಲ್ರಿ, ಇನ್ನೇನ್ ಬೇಕು?"

ಇಲ್ಲೇ ಸ್ವಲ್ಪ ನಿಂತು ಹೇಳ್ತೀನಿ. ಬರೀ ಚಾಲ್ತಿ ಖಾತೆ ಅಂತಷ್ಟೇ ಬರೆದಿದಾರೆ ಅಂದ್ರೆ ಬ್ಯಾಂಕು ಆ ಗಿರಾಕಿಗೆ ಸಾಲ ಕೊಟ್ಟಿಲ್ಲ ಅಂತಲೇ ಬಹುತೇಕ. ಸಾಲ ಕೊಡದೆ ಇರೋ ಬ್ಯಾಂಕು ಅವನ ಬ್ಯಾಲೆನ್ಸ್ ಶೀಟ್ ಕೇಳಿರಲ್ಲ, ಗೋದಾಮು ನೋಡಿರಲ್ಲ, ಅವನಿಗೆ ಎಷ್ಟು ಜನಕ್ಕೆ ಬಾಕಿ ಇದೆ ಅಂತ ವಿಚಾರಿಸಿರಲ್ಲ. ಕೆವೈಸಿ ಕಾಗದ ನೋಡಿ ಖಾತೆ ತೆರೆದಿರತ್ತೆ ಅಷ್ಟೇ. ಅಂಥ ಖಾತೆಯಲ್ಲಿ "ತೃಪ್ತಿಕರ" ಅಂದ್ರೆ ಚೆಕ್ ವಾಪಸ್ ಬಂದಿಲ್ಲ, ಕನಿಷ್ಠ ಬ್ಯಾಲೆನ್ಸ್ ಇದೆ, ಬ್ಯಾಂಕಿಗೆ ತಲೆನೋವು ಕೊಟ್ಟಿಲ್ಲ ಅಂತ. 55 ಲಕ್ಷದ ಉದ್ರಿ ತೀರಿಸೋ ಶಕ್ತಿ ಇದೆಯಾ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಸ್ ಕಂಡಕ್ಟರ್ ಒಬ್ಬ ಪ್ರಯಾಣಿಕನ ಬಗ್ಗೆ ಟಿಕೆಟ್ ತಗೊಂಡಿದ್ದ, ಗಲಾಟೆ ಮಾಡಲಿಲ್ಲ ಅಂತ ಹೇಳಬಹುದು, ಅವನ ಮನೆ ಸಾಲದ ಬಗ್ಗೆ ಹೇಳೋಕಾಗಲ್ಲ, ಹಂಗೇ ಇದು.

ಇನ್ನು "ಇದುವರೆಗೆ" ಅನ್ನೋ ಮಾತು. ಎಷ್ಟು ವರ್ಷದಿಂದ ಅಂತ ಬರೆದಿಲ್ಲ. ಬ್ಯಾಂಕಿನವರು ಹಳೇ ಗಿರಾಕಿಯ ಬಗ್ಗೆ ಬರೆಯೋವಾಗ ಎಷ್ಟು ವರ್ಷದ ಸಂಬಂಧ ಅಂತ ಸಾಮಾನ್ಯವಾಗಿ ಬರೀತಾರೆ, ಅದು ಅವರಿಗೂ ಗಿರಾಕಿಗೂ ಹೆಮ್ಮೆಯ ವಿಷಯ. ಬರೆಯದೆ ಬಿಟ್ರೆ ಖಾತೆ ಹೊಸದು ಅಂತ ನಾನು ಅಂದ್ಕೋತೀನಿ, ಸುಳ್ಳು ಅಂತ ಸಾಬೀತಾಗೋವರೆಗೆ. ಮಿಲ್ಲಿನವರು ಕೊಟ್ಟಿದ್ದ ಕ್ಯಾನ್ಸಲ್ಡ್ ಚೆಕ್ಕಿನ ನಂಬರ್ ನೋಡಿದ್ರೂ ಅದು ಇನ್ನೂ ಮೊದಲನೇ ಪುಸ್ತಕದ್ದು ಅನ್ನೋ ಹಂಗಿತ್ತು. ಇದು ಪುರಾವೆ ಅಲ್ಲ, ಸುಳಿವು.

ಏನೇನು ಮಾಡಿ ನೋಡಿದ್ವಿ

ಮೊದಲು ಎಲ್ಲರೂ ಹೇಳೋ ಹಂಗೆ ಜಿಎಸ್‌ಟಿ ಪೋರ್ಟಲ್ ನೋಡಿದ್ವಿ. ರಿಟರ್ನ್ ಟೈಮಿಗೆ ಫೈಲ್ ಆಗಿದ್ವು. ಜಿಎಸ್‌ಟಿ ನಂಬರಿನ ಒಳಗೇ ಪ್ಯಾನ್ ಇರತ್ತೆ, ಪ್ಯಾನ್‌ನ ನಾಲ್ಕನೇ ಅಕ್ಷರ ಎಫ್ ಇದ್ರೆ ಪಾಲುದಾರಿಕೆ ಸಂಸ್ಥೆ, ಪಿ ಇದ್ರೆ ವ್ಯಕ್ತಿ, ಸಿ ಇದ್ರೆ ಕಂಪನಿ. ಇಲ್ಲಿ ಎಫ್ ಇತ್ತು. ಕಂಪನಿ ಆಗಿದ್ರೆ ಯಾವ ಬ್ಯಾಂಕಿಗೆ ಆಸ್ತಿ ಅಡ ಇಟ್ಟಿದಾರೆ ಅಂತ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಲ್ಲೇ ನೋಡಬಹುದಿತ್ತು, ಪಾಲುದಾರಿಕೆಗೆ ಆ ಅನುಕೂಲ ಇಲ್ಲ. ಮತ್ತೆ ಈ ವ್ಯಾಪಾರದ ಒಂದು ವಿಶೇಷ ಇದೆ, ಕೋಳಿ ಆಹಾರಕ್ಕೂ ಬಿಡಿ ಮೆಕ್ಕೆಜೋಳಕ್ಕೂ ಜಿಎಸ್‌ಟಿ ಇಲ್ಲ. ಮಿಲ್ಲಿನವರ ರಿಟರ್ನಲ್ಲಿ ತೆರಿಗೆ ಲೆಕ್ಕ ಬರೋದು ಅವರು ಮಾರೋ ಒಂದಿಷ್ಟು ಬೇರೆ ಸಾಮಾನಿಗೆ ಮಾತ್ರ. ರಿಟರ್ನ್ ಫೈಲ್ ಆಗಿದೆ ಅನ್ನೋದು ಶಿಸ್ತು ತೋರಿಸತ್ತೆ, ಮುಖ್ಯ ವ್ಯಾಪಾರದಲ್ಲಿ ದುಡ್ಡಿನ ಬಿಗಿ ಎಷ್ಟಿದೆ ಅಂತ ತೋರಿಸಲ್ಲ. ಸಿಬಿಲ್ ಕಮರ್ಷಿಯಲ್ ರಿಪೋರ್ಟ್ (ಸಂಸ್ಥೆಯ ಸಾಲದ ಇತಿಹಾಸದ ವರದಿ) ನೋಡೋಣ ಅಂದ್ರೆ ಅದನ್ನ ನಮ್ಮಂಥ ವ್ಯಾಪಾರಿಗಳು ಇನ್ನೊಬ್ಬರ ಬಗ್ಗೆ ಸುಮ್ಮನೆ ತೆಗೆಯೋ ಹಂಗಿಲ್ಲ, ಗಿರಾಕಿಯೇ ತನ್ನದನ್ನ ತೆಗೆದು ಕೊಡಬೇಕು.

ಹಂಗಾಗಿ ಬ್ಯಾಂಕ್ ಅಭಿಪ್ರಾಯವನ್ನೇ ಸರಿಯಾದ ದಾರಿಯಲ್ಲಿ ತರಿಸೋಣ ಅಂತ ತೀರ್ಮಾನ ಮಾಡಿದ್ವಿ. ಗಿರಾಕಿ ಕೈಯಲ್ಲಿ ಕೊಟ್ಟು ಕಳಿಸೋ ಪತ್ರ ಬೇರೆ, ಬ್ಯಾಂಕಿಂದ ಬ್ಯಾಂಕಿಗೆ ಹೋಗೋ ಗೌಪ್ಯ ಅಭಿಪ್ರಾಯ ಬೇರೆ. ಗಿರಾಕಿಯ ಪತ್ರವನ್ನ ಗಿರಾಕಿಯೇ ಓದ್ತಾನೆ ಅಂತ ಗೊತ್ತಿದ್ದು ಮ್ಯಾನೇಜರ್ ಬರೆಯೋದು, ಅದರಲ್ಲಿ ನೋವಾಗೋ ಮಾತು ಯಾವತ್ತೂ ಇರಲ್ಲ. ಬ್ಯಾಂಕಿಂದ ಬ್ಯಾಂಕಿಗೆ ಬರೆಯೋವಾಗ ಭಾಷೆ ಬಿಗಿಯಾಗಿರತ್ತೆ, ಆದ್ರೆ ಇನ್ನೊಬ್ಬ ಬ್ಯಾಂಕಿನವನು ಓದಿದ್ರೆ ಅರ್ಥ ಆಗೋ ಹಂಗಿರತ್ತೆ. ಇದಕ್ಕೆ ಗಿರಾಕಿಯ ಒಪ್ಪಿಗೆ ಬೇಕು. ಗಿರಾಕಿಯ ಗುಟ್ಟು ಕಾಪಾಡೋದು ಬ್ಯಾಂಕಿನ ಕರ್ತವ್ಯ ಅನ್ನೋದು ಇಂಗ್ಲೆಂಡಿನಲ್ಲಿ 1924ರಲ್ಲಿ ತೀರ್ಮಾನ ಆದ ಟೂರ್ನಿಯರ್ ಪ್ರಕರಣದಿಂದ ಗಟ್ಟಿಯಾಗಿ ಬಂದಿರೋ ತತ್ವ, ನಮ್ಮಲ್ಲೂ ಅದೇ ನಡೆಯತ್ತೆ, ಕಾನೂನು ಕೇಳಿದಾಗ ಅಥವಾ ಗಿರಾಕಿ ಒಪ್ಪಿದಾಗ ಇಂಥ ಕೆಲವು ಸಂದರ್ಭ ಬಿಟ್ರೆ ಬ್ಯಾಂಕು ಬಾಯಿ ಬಿಡಲ್ಲ. ಮಿಲ್ಲಿನವರು ಒಪ್ಪಿಗೆ ಪತ್ರಕ್ಕೆ ತಕರಾರಿಲ್ಲದೆ ಸಹಿ ಹಾಕಿದ್ರು, ಇದು ಅವರ ಪರವಾಗಿ ಹೇಳ್ಬೇಕಾದ ಮಾತು.

ಯಜಮಾನ್ರ ಬ್ಯಾಂಕಿನ ಮ್ಯಾನೇಜರಿಗೆ ಅರ್ಜಿ ಕೊಟ್ವಿ. ಇಲ್ಲಿ ಒಂದು ವಿಷಯ ಬಹಳ ಮುಖ್ಯ. "ಈ ಗಿರಾಕಿ ಹೆಂಗೆ?" ಅಂತ ಕೇಳಿದ್ರೆ "ಒಳ್ಳೆಯವರು" ಅಂತಲೇ ಉತ್ತರ ಬರೋದು. ನಾವು ಕೇಳಿದ್ದು ಹಿಂಗೆ: 30 ದಿನದ ಉದ್ರಿಯ ಮೇಲೆ ಯಾವ ಸಮಯದಲ್ಲಾದ್ರೂ 55 ಲಕ್ಷ ರೂಪಾಯಿ ಬಾಕಿ ನಿಲ್ಲೋ ವ್ಯವಹಾರಕ್ಕೆ ಇವರು ಯೋಗ್ಯರು ಅಂತ ನಿಮ್ಮ ಅಭಿಪ್ರಾಯವೇ? ಮೊತ್ತ ಮತ್ತು ವಾಯಿದೆ ಎರಡೂ ಪ್ರಶ್ನೆಯಲ್ಲಿದ್ರೆ ಬ್ಯಾಂಕು ಅದಕ್ಕೆ ಮುಖ ಕೊಟ್ಟು ಉತ್ತರ ಹೇಳ್ಬೇಕಾಗತ್ತೆ.

ಉತ್ತರ ಬಂತು. ಖಾತೆ ತೆರೆದು ಸುಮಾರು ನಾಲ್ಕು ತಿಂಗಳು, ಸಾಲ ಸೌಲಭ್ಯ ಯಾವುದೂ ಇಲ್ಲ, ವ್ಯವಹಾರ ತೃಪ್ತಿಕರ, ನೀವು ಹೇಳಿದ ಮೊತ್ತದ ಬಗ್ಗೆ ಅಭಿಪ್ರಾಯ ಕೊಡೋಷ್ಟು ಅನುಭವ ನಮಗಿಲ್ಲ.

ಕೊನೇ ಸಾಲು ನೋಡಿ ಯಜಮಾನ್ರ ಮಗ "ಅವರಿಗೆ ಗೊತ್ತಿಲ್ಲ ಅಂದ್ರು ಅಷ್ಟೇ ತಾನೆ ಸರ್, ಕೆಟ್ಟದ್ದೇನೂ ಹೇಳಿಲ್ಲ" ಅಂದ. ಅವನ ಮಾತು ಸಹಜ. ಆದ್ರೆ ಬ್ಯಾಂಕಿನ ಭಾಷೆಯಲ್ಲಿ ಕೆಟ್ಟದ್ದನ್ನ ನೇರವಾಗಿ ಹೇಳೋ ಪದ್ಧತಿಯೇ ಇಲ್ಲ. ಈ ಬಗ್ಗೆ ಬ್ಯಾಂಕಿಂಗ್ ಓದಿದವರೆಲ್ಲಾ ಓದೋ ಇಂಗ್ಲೆಂಡಿನ ಒಂದು ಹಳೇ ಪ್ರಕರಣ ಇದೆ, ಹೆಡ್ಲಿ ಬರ್ನ್ ಅನ್ನೋ ಜಾಹೀರಾತು ಏಜೆನ್ಸಿಯದು. ಅವರು ಈಸಿಪವರ್ ಅನ್ನೋ ಗಿರಾಕಿ ಬಗ್ಗೆ ತಮ್ಮ ಬ್ಯಾಂಕಿನ ಮೂಲಕ ಹೆಲರ್ ಬ್ಯಾಂಕನ್ನ ವಿಚಾರಿಸಿದ್ರು. ಉತ್ತರದಲ್ಲಿ, ಗೌರವಸ್ಥ ಕಂಪನಿ, ಸಾಮಾನ್ಯ ವ್ಯವಹಾರಕ್ಕೆ ಯೋಗ್ಯ ಅಂತ ಪರಿಗಣಿಸಲಾಗಿದೆ, ನೀವು ಹೇಳಿದ ಮೊತ್ತ ನಾವು ಸಾಮಾನ್ಯವಾಗಿ ನೋಡೋದಕ್ಕಿಂತ ದೊಡ್ಡದು ಅಂತಿತ್ತು. ಏಜೆನ್ಸಿ ನಂಬಿ ಮುಂದುವರೀತು, ಈಸಿಪವರ್ ಮುಳುಗ್ತು, 17,000 ಪೌಂಡ್ ಹತ್ತಿರ ನಷ್ಟ. 1963ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು, ಇಂಥ ಅಭಿಪ್ರಾಯ ಕೊಡೋರಿಗೆ ಎಚ್ಚರಿಕೆಯ ಹೊಣೆ ಇರಬಹುದು, ಆದ್ರೆ ಈ ಪತ್ರದ ಮೇಲೆ ಬ್ಯಾಂಕಿಗೆ ಹೊಣೆ ಇಲ್ಲ ಅಂತ ಬರೆದಿದ್ರಿಂದ ಬ್ಯಾಂಕು ದುಡ್ಡು ಕೊಡಬೇಕಿಲ್ಲ ಅಂತ. ನಮ್ಮ ಕೈಲಿದ್ದ ಪತ್ರದ ಮೂರನೇ ಸಾಲು ಅದೇ ಹೊಣೆ ಇಲ್ಲದ ಸಾಲು. ಇದನ್ನ ಹೇಳಿದ ಮೇಲೆ ಯಜಮಾನ್ರು ಆ ಪತ್ರ ಮತ್ತೊಂದು ಸಲ ತಗೊಂಡು ನಿಧಾನಕ್ಕೆ ಓದಿದ್ರು.

ತಿರುವು

ನಾಲ್ಕು ತಿಂಗಳ ಖಾತೆ, ಸಾಲ ಇಲ್ಲ. ವಾರಕ್ಕೆ ಎರಡು ಲೋಡು ನಮ್ಮೊಬ್ಬರಿಂದಲೇ ಕೇಳೋ ಮಿಲ್ಲು ದುಡಿಯೋ ಬಂಡವಾಳ ಸಾಲ ಇಲ್ಲದೆ ನಡೆಯೋಕೆ ಸಾಧ್ಯವೇ ಇಲ್ಲ. ಹಂಗಾದ್ರೆ ಮುಖ್ಯ ಬ್ಯಾಂಕು ಬೇರೆ ಇರಬೇಕು. ಆ ಬ್ಯಾಂಕಿನ ಪತ್ರ ಯಾಕೆ ಕೊಡಲಿಲ್ಲ?

ಇದಕ್ಕೆ ದಾರಿ ತೋರಿಸಿದ್ದು ಲಾರಿ ಡ್ರೈವರ್. ಅಡ್ವಾನ್ಸ್ ಬಂದ ಮೊದಲನೇ ಲೋಡು ಇಳಿಸೋವಾಗ ಅವನು ಎಂದಿನಂತೆ ಚೀಲದ ಫೋಟೋ ತೆಗೆದು ಅಂಗಡಿಗೆ ಕಳಿಸಿದ್ದ. ಚೀಲದ ಹಿಂದಿನ ಗೋಡೆ ಮೇಲೆ ಬಣ್ಣದಲ್ಲಿ ಬರೆದಿದ್ದ ಬೋರ್ಡು ಕಾಣ್ತಿತ್ತು: ಈ ದಾಸ್ತಾನು ಇಂಥ ಬ್ಯಾಂಕಿಗೆ ಹೈಪಾಥಿಕೇಟ್ ಆಗಿದೆ ಅಂತ, ಅಂದ್ರೆ ಮಾಲು ಮಿಲ್ಲಿನವರ ಕೈಯಲ್ಲೇ ಇದ್ರೂ ಸಾಲಕ್ಕೆ ಬ್ಯಾಂಕಿಗೆ ಅಡ. ಸ್ಟಾಕ್ ಮೇಲೆ ಸಾಲ ಕೊಟ್ಟ ಬ್ಯಾಂಕು ಗೋದಾಮಲ್ಲಿ ಹಿಂಗೆ ಬರೆಸತ್ತೆ, ಯಾರು ಬೇಕಾದ್ರೂ ಓದಲಿ ಅಂತಲೇ ಬರೆಸೋದು. ಪತ್ರದಲ್ಲಿದ್ದ ಬ್ಯಾಂಕು ಅದಲ್ಲ.

ಈಗ ಯಜಮಾನ್ರಿಗೆ ಸಿಟ್ಟು ಬಂತು, ವ್ಯವಹಾರವೇ ಬೇಡ ಅಂದ್ರು. ನಾನು ತಡೆದೆ. ಎರಡನೇ ಬ್ಯಾಂಕಲ್ಲಿ ಚಾಲ್ತಿ ಖಾತೆ ಇಡೋದು ತಪ್ಪಲ್ಲ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಚಾಲ್ತಿ ಖಾತೆ ಶಿಸ್ತಿನ ಸುತ್ತೋಲೆ ತಂದ ಮೇಲೆ ಸಾಲಗಾರರಿಗೆ ನಿರ್ಬಂಧ ಬಂದ್ವು, ಆದ್ರೆ ಎಲ್ಲಾ ಬ್ಯಾಂಕಿನ ಸಾಲ ಸೇರಿ 5 ಕೋಟಿಗಿಂತ ಕಡಿಮೆ ಇರೋರಿಗೆ 2021ರಲ್ಲಿ ಅದನ್ನ ಸಡಿಲ ಮಾಡಿದ್ರು. ಕೇಳದೇ ಅವರನ್ನ ಕಳ್ಳ ಅನ್ನಬಾರದು, ಕೇಳೋಣ ಅಂದೆ. ಕೇಳೋ ರೀತಿ ಮಾತ್ರ ಯೋಚನೆ ಮಾಡಿ ಕೇಳ್ಬೇಕಿತ್ತು. ಯಾಕೆ ಮುಚ್ಚಿಟ್ರಿ ಅಂದ್ರೆ ಮಾತು ಅಲ್ಲಿಗೇ ಮುಗೀತಿತ್ತು. ಯಜಮಾನ್ರು ಫೋನ್ ಮಾಡಿ, "ಅಣ್ಣಾರೆ, ನಮ್ಮ ಮಾಲು ನಿಮ್ಮ ಗೋದಾಮಲ್ಲಿ ಇರತ್ತಲ್ರಿ, ಬೆಂಕಿ ಗಿಂಕಿ ಇನ್ಶೂರೆನ್ಸ್ ಪಾಲಿಸಿ ಒಂದು ಕಾಪಿ ಕಳಿಸ್ರಿ, ಯಾವ ಬ್ಯಾಂಕಿನ ಹೆಸರಲ್ಲಿ ಐತಿ ಅಂತ ನಮ್ಮ ಬ್ಯಾಂಕಿನವರು ಕೇಳ್ತಾರೆ" ಅಂದ್ರು. ಸ್ಟಾಕಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇರತ್ತೆ, ಈ ಪ್ರಶ್ನೆಯಿಂದ ಯಾರ ಮರ್ಯಾದೆಗೂ ಧಕ್ಕೆ ಇಲ್ಲ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಿಲ್ಲಿನವರೇ ಬಿಡಿಸಿ ಹೇಳಿದ್ರು, "ಯಜಮಾನ್ರೇ, ನಮ್ದು ಹಳೇ ಬ್ಯಾಂಕು ಬೇರೆ ಅದೆ. ನಮ್ಮ ತಮ್ಮ ಪಾಲು ತಗೊಂಡು ಹೊರಗೆ ಹೋದ, ಅಲ್ಲಿಂದ ಬ್ಯಾಂಕಿನವರು ಕಾಗದ ಕಾಗದ ಅಂತ ಜೀವ ತಿಂತಾ ಇದಾರೆ. ಅದಕ್ಕೇ ಇನ್ನೊಂದು ಖಾತೆ ಮಾಡ್ಕೊಂಡ್ವಿ." ಮುಖ್ಯ ಬ್ಯಾಂಕಿನಿಂದಲೂ ಅಭಿಪ್ರಾಯ ತರಿಸೋಕೆ ಒಪ್ಪಿಗೆ ಕೊಟ್ರು, ಮನಸ್ಸಿಲ್ಲದ ಮನಸ್ಸಿಂದಲೇ ಇರಬಹುದು, ಆದ್ರೆ ಕೊಟ್ರು.

ಮುಖ್ಯ ಬ್ಯಾಂಕಿನ ಉತ್ತರ ಪೂರ್ತಿ ಬೇರೆ ಥರ ಇತ್ತು. ಹತ್ತು ವರ್ಷಕ್ಕೂ ಮೇಲ್ಪಟ್ಟ ಗಿರಾಕಿ, ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಹೈಪಾಥಿಕೇಶನ್ ಮೇಲೆ 1.5 ಕೋಟಿ ಸಿಸಿ ಮಿತಿ, ಮಿತಿ ಪೂರ್ಣವಾಗಿ ಬಳಕೆಯಲ್ಲಿದೆ, ಖಾತೆ ಸ್ಟ್ಯಾಂಡರ್ಡ್ ವರ್ಗದಲ್ಲಿದೆ, ಪಾಲುದಾರಿಕೆ ಬದಲಾವಣೆಯಿಂದ ನವೀಕರಣ ಪರಿಶೀಲನೆಯಲ್ಲಿದೆ, ಸಾಮಾನ್ಯ ವ್ಯವಹಾರಕ್ಕೆ ಯೋಗ್ಯರು, ಕೇಳಿದ ಮೊತ್ತ ಅವರ ಮಟ್ಟಿಗೆ ದೊಡ್ಡದು.

ಈ ಉತ್ತರ ಹೆಂಗೆ ಓದಿದ್ವಿ

ಹತ್ತು ವರ್ಷ ಒಂದೇ ಬ್ಯಾಂಕಲ್ಲಿರೋದು ಒಳ್ಳೇ ಲಕ್ಷಣ, ಇದನ್ನ ಮೊದಲು ಒಪ್ಪಿಕೊಂಡ್ವಿ. ಮಿಲ್ಲು ನಿಜ, ಮನುಷ್ಯರು ನಿಜ.

"ಸ್ಟ್ಯಾಂಡರ್ಡ್" ಅನ್ನೋ ಪದದಲ್ಲಿ ಮೈಮರೆಯಬಾರದು. ಬಾಕಿ 90 ದಿನ ದಾಟಿದ ಮೇಲೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗತ್ತೆ, ಅದಕ್ಕೂ ಮುಂಚೆ 30 ದಿನದವರೆಗೆ, 60ರವರೆಗೆ, 90ರವರೆಗೆ ಅಂತ ಮೂರು ಹಂತದಲ್ಲಿ (ಸಿಸಿ ಖಾತೆಗೆ ಕೊನೆಯ ಎರಡು ಹಂತ ಮಾತ್ರ) ಎಸ್‌ಎಂಎ, ಅಂದ್ರೆ ನಿಗಾ ಇಡಬೇಕಾದ ಖಾತೆ ಅಂತ ಗುರುತು ಹಾಕ್ತಾರೆ, ಆ ಎಲ್ಲಾ ಹಂತದಲ್ಲೂ ಖಾತೆ ಲೆಕ್ಕಕ್ಕೆ ಸ್ಟ್ಯಾಂಡರ್ಡೇ. ಇವರದು ಆ ಹಂತದಲ್ಲಿತ್ತು ಅಂತ ನಾನು ಹೇಳ್ತಿಲ್ಲ, ಆ ಪದ ಎರಡಕ್ಕೂ ಹೊಂದತ್ತೆ ಅಂತ ಹೇಳ್ತಿದೀನಿ.

ನನಗೆ ಯೋಚನೆ ಹತ್ತಿಸಿದ್ದು "ಪೂರ್ಣ ಬಳಕೆ" ಅನ್ನೋದು, ಅದೂ ಮೊದಲನೇ ಉತ್ತರದ ಜೊತೆ ಸೇರಿಸಿ ಓದಿದಾಗ. ಸಿಸಿ ಖಾತೆ ಸರಿಯಾಗಿ ನಡೀತಿದ್ರೆ ಮಾರಿದ ದುಡ್ಡು ಒಳಗೆ ಬರ್ತಾ ಬ್ಯಾಲೆನ್ಸ್ ಇಳಿಯತ್ತೆ, ಖರೀದಿಗೆ ಏರತ್ತೆ, ಆ ಏರಿಳಿತವೇ ಆರೋಗ್ಯ. ಮಿತಿ ಮೇಲೇ ನಿಂತಿದೆ ಅಂದ್ರೆ ಮಾರಿದ ದುಡ್ಡು ಸಾಕಷ್ಟು ಒಳಗೆ ಬರ್ತಿಲ್ಲ. ಆ ದುಡ್ಡು ಎಲ್ಲಿಗೆ ಹೋಗ್ತಿದೆ? ನಾಲ್ಕು ತಿಂಗಳ ಹೊಸ ಚಾಲ್ತಿ ಖಾತೆಗೆ. ಅಲ್ಲಿ ಯಾರೂ ಸಾಲಕ್ಕೆ ಹಿಡ್ಕೊಳ್ಳಲ್ಲ, ಹಂಗಾಗಿ ಚೆಕ್ ಸರಾಗ ಪಾಸಾಗ್ತಾವೆ, ಹಂಗಾಗಿ ಆ ಖಾತೆ "ತೃಪ್ತಿಕರ". ಹೊಸ ಬ್ಯಾಂಕಿನ ಒಳ್ಳೇ ಮಾತು ಮತ್ತು ಹಳೇ ಬ್ಯಾಂಕಿನ ಇಕ್ಕಟ್ಟು ಎರಡರ ಕಾರಣ ಒಂದೇ ಆಗಿತ್ತು.

ಪಾಲುದಾರ ಹೊರಗೆ ಹೋದಾಗ ಬ್ಯಾಂಕು ಹಳೇ ಖಾತೆಯನ್ನ ಅಲ್ಲಿಗೆ ನಿಲ್ಲಿಸಿ ಹೊಸ ದಾಖಲೆ ಕೇಳೋದು ನಿಯಮದ ಕೆಲಸ, ಇಲ್ದಿದ್ರೆ ಹೊರಗೆ ಹೋದವರ ಹೊಣೆ ಕರಗಿ ಹೋಗತ್ತೆ. ಆದ್ರೆ ನಮಗೆ ಅದರ ಅರ್ಥ ಏನಂದ್ರೆ, ಮೊದಲು ಮೂರು ಜನರ ಆಸ್ತಿ ಈ ಸಂಸ್ಥೆಯ ಹಿಂದೆ ಇತ್ತು, ಈಗ ಇಬ್ಬರದು, ಮತ್ತೆ ತಮ್ಮನ ಪಾಲು ಕೊಡೋಕೆ ವ್ಯಾಪಾರದಿಂದಲೇ ದುಡ್ಡು ಹೊರಗೆ ಹೋಗಿರತ್ತೆ. ಆ ಗುಂಡಿ ತುಂಬೋಕೆ ನಮ್ಮ 55 ಲಕ್ಷ ಬೇಕಾಗಿತ್ತು ಅಂತ ನನ್ನ ಅಂದಾಜು.

ಇನ್ನೊಂದು, ಇದು ಬಹಳ ವ್ಯಾಪಾರಿಗಳಿಗೆ ಹೊಳೆಯೋದೇ ಇಲ್ಲ. ನಮ್ಮ ಮೆಕ್ಕೆಜೋಳ ಅವರ ಗೋದಾಮಿಗೆ ಇಳಿದ ಕ್ಷಣದಿಂದ ಅದರ ಮೇಲೆ ಅವರ ಬ್ಯಾಂಕಿನ ಹಕ್ಕು ಕೂರತ್ತೆ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ದುಡ್ಡು ಬರದ ಮಾರಾಟಗಾರನಿಗೆ ಹಕ್ಕು ಇದೆ, ಮಾಲು ನಮ್ಮ ಕೈಯಲ್ಲಿರೋವರೆಗೆ ತಡೆಹಿಡಿಯಬಹುದು, ಗಿರಾಕಿ ದಿವಾಳಿ ಅಂತ ಗೊತ್ತಾದ್ರೆ ದಾರಿಯಲ್ಲಿರೋ ಲಾರಿಯನ್ನೂ ನಿಲ್ಲಿಸಬಹುದು. ಇಳಿಸಿದ ಮೇಲೆ ನಾವು ಬರೀ ದುಡ್ಡು ಬರಬೇಕಾದವರು, ಮಾಲಿನ ಮೇಲೆ ಹಕ್ಕಿಲ್ಲ. 45 ದಿನದಲ್ಲಿ ಪಾವತಿ ಆಗಬೇಕು ಅನ್ನೋ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ರಕ್ಷಣೆನೂ ನಮಗಿಲ್ಲ, ಸಗಟು ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿ ಕೊಟ್ಟಿದ್ದು ಆದ್ಯತಾ ವಲಯದ ಸಾಲಕ್ಕೆ ಮಾತ್ರ.

ತೀರ್ಮಾನ

ಮಗ ವ್ಯವಹಾರ ಬೇಕು ಅಂದ, ಯಜಮಾನ್ರು ಬೇಡ ಅಂದ್ರು. ಎಲ್‌ಸಿ (ಮಾಲಿನ ದಾಖಲೆ ಸರಿಯಿದ್ರೆ ದುಡ್ಡು ಕೊಡ್ತೀವಿ ಅಂತ ಗಿರಾಕಿಯ ಬ್ಯಾಂಕು ಕೊಡೋ ಮಾತು) ಕೊಡಿ ಅಂತ ಕೇಳಿದ್ವಿ, ಮಿತಿಯೇ ತುಂಬಿರೋವಾಗ ಬ್ಯಾಂಕು ಎಲ್‌ಸಿ ತೆರೆಯಲ್ಲ, ಆಗಲಿಲ್ಲ. ಬ್ಯಾಂಕ್ ಗ್ಯಾರಂಟಿಯೂ ಅದೇ ಕಾರಣಕ್ಕೆ ಆಗಲಿಲ್ಲ. ಮುಂದಿನ ತಾರೀಕಿನ ಚೆಕ್ ಕೊಡ್ತೀವಿ ಅಂದ್ರು. ಚೆಕ್ ಬೌನ್ಸ್ ಆದ್ರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದೆ ನಿಜ, 30 ದಿನದೊಳಗೆ ನೋಟಿಸು, 15 ದಿನ ಕಾಯೋದು, ಆಮೇಲೆ ಕೋರ್ಟು. ಅದು ಜಗಳದ ಸಾಧನ, ಅಷ್ಟರಲ್ಲಿ ನಮ್ಮ ಸಿಸಿ ಬಡ್ಡಿ ಓಡ್ತಾನೇ ಇರತ್ತೆ.

ಕೊನೆಗೆ ಒಪ್ಪಿದ್ದು ಇಷ್ಟು: ಲಾರಿ ಇಳಿಸೋ ಮುಂಚೆ ನೂರಕ್ಕೆ 70 ಭಾಗ ಆರ್‌ಟಿಜಿಎಸ್, ಉಳಿದ 30 ಭಾಗಕ್ಕೆ 15 ದಿನ, ಒಟ್ಟು ಬಾಕಿ ಯಾವತ್ತೂ 6 ಲಕ್ಷ ದಾಟಬಾರದು. ಲೋಡಿಗೆ 1,65,000 ಬಾಕಿ, ಮೂರು ಲೋಡು ತೆರೆದಿದ್ರೆ 4,95,000, ನಾಲ್ಕನೇದು ಹೊರಡಲ್ಲ. 6 ಲಕ್ಷ ಯಾಕೆ ಅಂದ್ರೆ ಪೂರ್ತಿ ಮುಳುಗಿದ್ರೂ ಅಂಗಡಿ ನಿಲ್ಲತ್ತೆ ಅನ್ನೋ ಮೊತ್ತ ಎಷ್ಟು ಅಂತ ಯಜಮಾನ್ರನ್ನ ಕೇಳಿದ್ದೆ, ಅವರು ಹೇಳಿದ್ದು ಅದು. ಮಿಲ್ಲಿನವರು ಬೇಜಾರಾದ್ರು, ವಾರಕ್ಕೆ ಎರಡು ಲೋಡಿನ ಮಾತು ಹೋಗಿ ತಿಂಗಳಿಗೆ ಎರಡು ಮೂರಕ್ಕೆ ಇಳೀತು. ಉಳಿದ ಆರ್ಡರು ಅದೇ ಯಾರ್ಡಿನ ಇನ್ನೊಂದು ಅಂಗಡಿಗೆ ಹೋಯ್ತು, ಅದೇ ಮೂರು ಸಾಲಿನ ಪತ್ರದ ಮೇಲೆ, 30 ದಿನದ ಪೂರ್ತಿ ಉದ್ರಿಗೆ.

ಆಮೇಲೆ ಆಗಿದ್ದು

ಮೂರು ತಿಂಗಳು ಆ ಅಂಗಡಿಗೆ ದುಡ್ಡು ಸರಿಯಾಗಿ ಬಂತು. ಇದನ್ನ ಮರೆಮಾಚದೆ ಬರೀಬೇಕು. ಆ ಮೂರು ತಿಂಗಳು ನಮ್ಮ ಯಜಮಾನ್ರ ಮಗ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ತಿಂಗಳಿಗೆ ಆರು ಲೋಡು ಕೈ ತಪ್ಪಿದ್ರೆ 37,500 ಲಾಭ ಹೋದ ಹಂಗೆ, ಅವನ ಸಂಕಟ ಸುಳ್ಳಲ್ಲ.

ಬೇಸಿಗೆ ಶುರುವಾಯ್ತು. ಬಿಸಿಲಿಗೆ ಕೋಳಿ ಸಾಯ್ತಾವೆ, ಸಾಕೋರು ಹೊಸ ಬ್ಯಾಚು ಹಾಕೋಕೆ ಹಿಂದೇಟು ಹಾಕ್ತಾರೆ, ಫೀಡ್ ಓಡಲ್ಲ, ಹಳೇ ಬಾಕಿನೂ ಅವರಿಂದ ಮಿಲ್ಲಿಗೆ ಬರಲ್ಲ. ಅದೇ ಹೊತ್ತಿಗೆ ಮುಖ್ಯ ಬ್ಯಾಂಕಿನವರು ನವೀಕರಣ ಮಾಡೋವಾಗ ಸ್ಟಾಕ್ ಲೆಕ್ಕ ಮತ್ತೆ ಹಾಕಿದ್ರು. ಡ್ರಾಯಿಂಗ್ ಪವರ್ (ದಾಸ್ತಾನು ನೋಡಿ ಸಿಸಿಯಿಂದ ಎಷ್ಟು ತೆಗೆಯಬಹುದು ಅನ್ನೋ) ಲೆಕ್ಕದಲ್ಲಿ ಇನ್ನೂ ದುಡ್ಡು ಕೊಡದ ಮಾಲನ್ನ ಕಳೀತಾರೆ, ಉದ್ರಿ ಮಾಲು ಜಾಸ್ತಿ ಇದ್ದಿದ್ರಿಂದ ತೆಗೆಯೋ ಮೊತ್ತ ಇಳೀತು, ಮಿತಿಯನ್ನೂ 1.5 ಕೋಟಿಯಿಂದ 1.2 ಕೋಟಿಗೆ ಇಳಿಸಿದ್ರು. ಎರಡೂ ಕಡೆಯಿಂದ ಕತ್ತರಿ ಬಿತ್ತು.

ಆ ಅಂಗಡಿಯವರದು ಏಳು ಲೋಡು, 38,50,000 ನಿಂತುಬಿಡ್ತು. ಕೊಟ್ಟಿದ್ದ ಚೆಕ್ಕಲ್ಲಿ ಒಂದು ವಾಪಸ್ ಬಂತು, ವಕೀಲರ ನೋಟಿಸ್ ಹೋಯ್ತು, ಮಧ್ಯಸ್ಥರು ಕೂತು ಕಂತು ಮಾಡಿಸಿದ್ರು. ಒಂದು ವರ್ಷ ಆದ ಮೇಲೂ 9 ಲಕ್ಷ ಬರೋದಿತ್ತು, ಅಷ್ಟರಲ್ಲಿ ಅವರು ಮುಂದಿನ ಸುಗ್ಗಿಗೆ ಅರ್ಧ ಮಾಲು ಹಿಡಿಯೋಕೂ ಆಗಲಿಲ್ಲ. ಒಳ್ಳೇ ಮನುಷ್ಯರು, ಬಹಳ ವರ್ಷದಿಂದ ಮರ್ಯಾದೆಯಿಂದ ವ್ಯಾಪಾರ ಮಾಡ್ಕೊಂಡು ಬಂದವರು, ಅವರು ಆ ಪತ್ರ ತೋರಿಸಿ "ಸರ್, ಇದರಲ್ಲಿ ತಪ್ಪು ಎಲ್ಲೈತಿ ಹೇಳ್ರಿ" ಅಂತ ನನ್ನ ಕೇಳಿದಾಗ ನನಗೆ ಹೇಳೋಕೆ ಕಷ್ಟ ಆಯ್ತು, ಯಾಕಂದ್ರೆ ಪತ್ರದಲ್ಲಿ ತಪ್ಪು ಇರಲಿಲ್ಲ.

ನಮ್ಮ ಅಂಗಡಿದು ಮೂರು ಲೋಡಿನ 30 ಭಾಗ, 4,95,000 ನಿಂತಿತ್ತು. ಅದು ಜೂನ್ ಕೊನೆ ಹೊತ್ತಿಗೆ ಪೂರ್ತಿ ಬಂತು. ಮಿಲ್ಲಿನವರು ಓಡಿಹೋಗಲಿಲ್ಲ, ಫೋನ್ ಆಫ್ ಮಾಡಲಿಲ್ಲ, ಕಷ್ಟ ಇದ್ದಾಗ ಕಷ್ಟ ಇದೆ ಅಂತ ಹೇಳಿದ್ರು. ಗೋದಾಮಿನ ಒಂದು ಭಾಗ ಬಾಡಿಗೆಗೆ ಕೊಟ್ಟು, ಸೈಟು ಮಾರಿ ನಿಭಾಯಿಸಿದ್ರು. ಹಂಗಾಗಿ ಈ ಪ್ರಕರಣವನ್ನ ಮೋಸದ ಕಥೆ ಅಂತ ಯಾರೂ ಹೇಳ್ಕೊಂಡು ತಿರುಗಬಾರದು. ಗಿರಾಕಿಯ ಗುಣ ಒಂದು, ಅವನ ದುಡ್ಡಿನ ಬಿಗಿ ಇನ್ನೊಂದು, ಬ್ಯಾಂಕಿನ ಅಭಿಪ್ರಾಯ ಎರಡನೇದರ ಬಗ್ಗೆ, ಅದೂ ಆ ಬ್ಯಾಂಕಿಗೆ ಕಂಡಷ್ಟು ಮಾತ್ರ, ಅದೂ ನಾವು ಕೇಳಿದಷ್ಟಕ್ಕೆ ಮಾತ್ರ. ಮೊದಲನೇದನ್ನ ಯಾರ್ಡಿನ ಜನ, ಡ್ರೈವರು, ಹಮಾಲರು, ಹಳೇ ದಲ್ಲಾಳಿಗಳು ಬ್ಯಾಂಕಿಗಿಂತ ಚೆನ್ನಾಗಿ ಹೇಳ್ತಾರೆ.

ಈಗ ಅಂಗಡಿಯಲ್ಲಿ ಹೊಸ ಗಿರಾಕಿಗೆ ಒಂದು ಪುಟದ ಒಪ್ಪಿಗೆ ಪತ್ರ ಇಟ್ಟಿದೀವಿ. ನಿಮಗೆ ಸಾಲ ಕೊಟ್ಟಿರೋ ಬ್ಯಾಂಕು ಯಾವುದು, ಬೇರೆ ಎಲ್ಲೆಲ್ಲಿ ಚಾಲ್ತಿ ಖಾತೆ ಇದೆ, ದಾಸ್ತಾನು ಯಾರಿಗೆ ಹೈಪಾಥಿಕೇಟ್ ಆಗಿದೆ, ಕಳೆದ ಎರಡು ವರ್ಷದಲ್ಲಿ ಪಾಲುದಾರರು ಬದಲಾಗಿದಾರಾ, ಇಷ್ಟು ಬರೆಸಿ ಸಹಿ ತಗೋತಾರೆ, ಜೊತೆಗೆ ಸ್ಟಾಕ್ ಇನ್ಶೂರೆನ್ಸಿನ ಕಾಪಿ. ಸಾಲ ಕೊಟ್ಟ ಬ್ಯಾಂಕಿಗೇ ಅಭಿಪ್ರಾಯ ಕೇಳಿ ಹೋಗತ್ತೆ, ಮೊತ್ತ ಮತ್ತು ವಾಯಿದೆ ಬರೆದು, ಮತ್ತೆ ಪ್ರತಿ ಸುಗ್ಗಿಗೆ ಮುಂಚೆ ಹೊಸದಾಗಿ, ಯಾಕಂದ್ರೆ ಹೋದ ವರ್ಷದ ಅಭಿಪ್ರಾಯ ಹೋದ ವರ್ಷದ ಖಾತೆಯದು. ಈ ಕೆಲಸ ನೋಡ್ಕೊಳೋದು ಈಗ ಯಜಮಾನ್ರ ಮಗನೇ. ಆ ಮಿಲ್ಲಿನವರೂ ಈ ಸಲ ಆ ಪುಟ ತುಂಬಿ ಕೊಟ್ರು, ತಮ್ಮನ ಲೆಕ್ಕ ಪೂರ್ತಿ ತೀರಿದೆ, ಸಿಸಿಯಲ್ಲಿ ಸ್ವಲ್ಪ ಜಾಗ ಇದೆ ಅಂತ ಬ್ಯಾಂಕಿನ ಉತ್ತರದಲ್ಲೂ ಬಂತು, ಅವರ ಬಾಕಿ ಮಿತಿಯನ್ನ 6 ಲಕ್ಷದಿಂದ 8 ಲಕ್ಷಕ್ಕೆ ಏರಿಸಿದೀವಿ.